ಸಾಯನ್‌ನ ಭಾನುವಾರದ ಇಂಗ್ಲಿಷ್ ತರಗತಿ: ಬಹುವಚನದ ಪಾಠ ಹೇಗಿದೆ?

ಹೋಟೆಲು, ಅಂಗಡಿಗಳಲ್ಲಿ ದುಡಿಯುವ ಮುಂಬೈ ಕನ್ನಡಿಗರಿಗಾಗಿ ನಡೆಯುವ ಈ ತರಗತಿಯಲ್ಲಿ ‘ಎಸ್’ ಹಚ್ಚಿದರೆ ಸರಿಹೋಗದ ಬಹುವಚನಗಳಿಗೆ ಎರಡು ವಾರ ಕೊಡುತ್ತಾರೆ. ಅದು ಹೆಚ್ಚೇನಲ್ಲ. ಬರೀ ಪಟ್ಟಿ ಬಾಯಿಪಾಠ ಮಾಡಿದವರ ಬಾಯಲ್ಲಿ ತಿಂಗಳೊಳಗೆ ‘ಫುಟ್ಸ್’ ಬಂದುಬಿಡುತ್ತದೆ.

ಇಲ್ಲಿ ಮೊದಲು ಕಾರಣ, ಆಮೇಲೆ ಪಟ್ಟಿ. ಇಂಗ್ಲಿಷಿನ ತಾಯಿಬೇರಾದ ಜರ್ಮಾನಿಕ್ ಮೂಲಭಾಷೆಯಲ್ಲಿ ಪಾದಕ್ಕೆ ‘ಫೋಟ್ಸ್’, ಪಾದಗಳಿಗೆ ‘ಫೋಟಿಜ್’ ಎಂದಿತ್ತೆಂದು ವಿದ್ವಾಂಸರು ಕಟ್ಟಿಕೊಟ್ಟಿದ್ದಾರೆ. ಮುಂದಿನ ‘ಇ’ಗೆ ನಾಲಿಗೆ ಮೊದಲೇ ಅಣಿಯಾಗಿ ಹಿಂದಿನ ‘ಓ’ ಕ್ರಮೇಣ ‘ಏ’ ಆಯಿತು. ಕೊನೆಗೆ ಆ ‘ಇ’ಯೇ ಉದುರಿತು. ಹಳೆಯ ಇಂಗ್ಲಿಷಿನ ಫೋಟ್–ಫೇಟ್ ಇಂದಿನ ಫುಟ್–ಫೀಟ್. ಟೂತ್, ಗೂಸ್, ಮೌಸ್, ಲೌಸ್, ಮ್ಯಾನ್, ವುಮನ್ ಸೇರಿ ಈ ಗುಂಪಿನಲ್ಲಿ ಏಳು. ಬುಕ್ ಕೂಡ ಇಲ್ಲೇ ಇತ್ತು, ಆಮೇಲೆ ‘ಎಸ್’ ಕಡೆಗೆ ಹೋಯಿತು. ‘ವುಮನ್–ವಿಮಿನ್’ ಎಂದು ಮೊದಲ ಸ್ವರವೂ ಬದಲಾಗುವುದನ್ನು ಗಟ್ಟಿಯಾಗಿ ಹೇಳಿಸುತ್ತಾರೆ. ಬಹಳ ಜನ ಎಡವುವ ಜಾಗ ಅದು.

‘ಚಿಲ್ಡ್ರನ್’ ಪಾಠ ಎಲ್ಲಕ್ಕಿಂತ ಸೊಗಸು. ‘ಚಿಲ್ಡರ್’ ಎಂಬುದೇ ಬಹುವಚನ. ಅಷ್ಟು ಸಾಲದೆಂಬಂತೆ ‘ಆಕ್ಸೆನ್’ನಲ್ಲಿರುವ ‘ಎನ್’ ಅದರ ಮೇಲೆ ಕೂತಿತು. ನಾವು ‘ಅವರು’ಗೆ ‘ಗಳು’ ಸೇರಿಸಿ ‘ಅವರುಗಳು’ ಎನ್ನುವುದಿಲ್ಲವೇ, ಹಾಗೇ.

ಕೊರತೆ ಇರುವುದು ಕೈಗೆ ಕೊಡುವ ಹಾಳೆಯಲ್ಲಿ. ‘ಎಫ್ ಇದ್ದಲ್ಲಿ ವಿ’ ಎಂದಷ್ಟೇ ಬರೆದಿದ್ದಾರೆ. ಎರಡು ಸ್ವರಗಳ ನಡುವೆ ಸಿಕ್ಕಿದ ‘ಫ್’ ಹಳೆಯ ಇಂಗ್ಲಿಷಿನಲ್ಲಿ ‘ವ್’ ಎಂದು ಉಲಿಯುತ್ತಿದ್ದುದರಿಂದ ನೈಫ್ ನೈವ್ಸ್ ಆಯಿತು. ಆಮೇಲೆ ಫ್ರೆಂಚಿನಿಂದ ಬಂದ ಚೀಫ್‌ಗೆ ಈ ಲೆಕ್ಕ ಹಿಡಿಯದು, ಅದು ಚೀಫ್ಸ್. ಇದನ್ನು ಹೇಳದಿದ್ದರೆ ಕಲಿತವರು ‘ಚೀವ್ಸ್’ ಎಂದು ಬರೆಯದೆ ಇರುತ್ತಾರೆಯೇ?

‘ಆಕ್ಟೊಪೈ’ ಎಂಬುದನ್ನಂತೂ ಹೊಡೆದುಹಾಕಬೇಕು. ‘ಅಸ್’ಗೆ ‘ಐ’ ಬರುವುದು ರೇಡಿಯಸ್‌ನಂಥ ಲ್ಯಾಟಿನ್ ನಾಮಪದಗಳಿಗೆ. ಆಕ್ಟೊಪಸ್ ಗ್ರೀಕ್ ಮೂಲದ್ದು, ‘ಎಂಟು ಪಾದದ್ದು’ ಎಂದರ್ಥ. ಆಕ್ಟೊಪಸಸ್ ಎಂದರೆ ಸಾಕು.

ಮುಂಬೈಯಲ್ಲೇ ಕೂತು ‘ಮಂಗೂಸ್’ ಬಿಟ್ಟಿರುವುದು ಬೇಸರದ ಸಂಗತಿ. ಅದು ಮರಾಠಿಯ ಮುಂಗೂಸ್, ನಮ್ಮ ಮುಂಗುಸಿ. ಅದರಲ್ಲಿ ಹೆಬ್ಬಾತಿನ ಗೂಸ್ ಇಲ್ಲವೇ ಇಲ್ಲ; ಹಾಗಾಗಿ ಬಹುವಚನ ಮಂಗೂಸಸ್, ‘ಮಂಗೀಸ್’ ಅಲ್ಲ.