ಓರ್ಬರ್ಗ್ ಅವರ ಲ್ಯಾಟಿನ್ ಪುಸ್ತಕ: ಕನ್ನಡಿಗರಿಗೆ ಎಲ್ಲಿ ಸಲೀಸು, ಎಲ್ಲಿ ತೊಡಕು

ಮೇಷ್ಟ್ರಿಲ್ಲದೆ ಲ್ಯಾಟಿನ್ ಓದಲು ಕಲಿಯಬೇಕು ಎನ್ನುವವರಿಗೆ ನಾನು ಧೈರ್ಯವಾಗಿ ಹೇಳುವ ಪುಸ್ತಕ ಒಂದೇ: ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ ರಚಿಸಿದ ‘ಲಿಂಗ್ವ ಲತೀನ’ ಮಾಲೆಯ ಮೊದಲ ಭಾಗ, ‘ಫಮಿಲಿಯ ರೋಮಾನ’. ಇದರ ಮೊದಲ ರೂಪ ಬಂದದ್ದು 1955ರಲ್ಲಿ. 35 ಅಧ್ಯಾಯ, 1,500ಕ್ಕೂ ಹೆಚ್ಚು ಪದ. ಪಾಠ, ವ್ಯಾಕರಣ, ಅಭ್ಯಾಸ ಎಲ್ಲವೂ ಲ್ಯಾಟಿನ್‌ನಲ್ಲೇ. ಹೊಸ ಪದದ ಅರ್ಥ ಪುಟದಂಚಿನ ಚಿತ್ರದಿಂದ ತಿಳಿಯಬೇಕು, ಇಲ್ಲವೇ ಅಲ್ಲಿರುವ ಗುರುತುಗಳಿಂದ: ಸಮಾನಾರ್ಥಕ್ಕೆ ‘=’, ವಿರುದ್ಧಾರ್ಥಕ್ಕೆ ಎರಡೂ ಕಡೆ ಮೊನೆಯಿರುವ ಬಾಣ, ‘ಅಂದರೆ’ ಎನ್ನುವುದಕ್ಕೆ ‘:’. ಈ ಗುರುತುಗಳನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳಿ.

ಇಂಗ್ಲಿಷ್ ಮೂಲಕ ಲ್ಯಾಟಿನ್ ಕಲಿಯುವುದು ಕನ್ನಡಿಗರಿಗೆ ಸುತ್ತುದಾರಿ. ಇಂಗ್ಲಿಷಿನವರಿಗೆ ವಿಭಕ್ತಿ ಎಂದರೇನು ಎಂದೇ ವಿವರಿಸಬೇಕು, ನಮಗೆ ಬೇಡ. ಮೊದಲ ಅಧ್ಯಾಯದಲ್ಲಿ ಬರುವ ಪ್ರಶ್ನಾರ್ಥಕ ‘ನೆ’ ಪದದ ಬಾಲಕ್ಕೆ ಅಂಟುತ್ತದೆ: ‘ಎಸ್ತ್’ ಎಂದರೆ ಇದೆ, ‘ಎಸ್ತ್‌ನೆ’ ಎಂದರೆ ಇದೆಯೇ. ಎರಡನೆಯದರಲ್ಲಿ ಬರುವ ‘ಕ್ವೆ’ ನಮ್ಮ ‘ಊ’ ಇದ್ದ ಹಾಗೆ: ‘ಪತೆರ್ ಮಾತೆರ್‌ಕ್ವೆ’, ತಂದೆಯೂ ತಾಯಿಯೂ. ನಮ್ಮಲ್ಲಿ ಎರಡು ಕಡೆ ಬರುವ ಪ್ರತ್ಯಯ ಅಲ್ಲಿ ಎರಡನೆಯ ಪದಕ್ಕೆ ಮಾತ್ರ.

ಓರ್ಬರ್ಗ್ ಪ್ರತಿ ದೀರ್ಘ ಸ್ವರದ ಮೇಲೂ ಗೆರೆ ಹಾಕಿದ್ದಾರೆ. ಅದು ಅಲಂಕಾರಕ್ಕಲ್ಲ. ‘ಈನ್ಸುಲ’ ಎಂದರೆ ದ್ವೀಪ, ‘ಇನ್ ಈನ್ಸುಲಾ’ ಎಂದರೆ ದ್ವೀಪದಲ್ಲಿ. ಕೊನೆಯ ಹ್ರಸ್ವ ದೀರ್ಘವಾದರೆ ವಿಭಕ್ತಿಯೇ ಬದಲು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಎ-ಏ, ಒ-ಓ ನಮ್ಮಲ್ಲಿ ಬೇರೆಬೇರೆ ಇರುವುದರಿಂದ ಏನೂ ಕಳೆದುಹೋಗುವುದಿಲ್ಲ. ದೇವನಾಗರಿಯಲ್ಲಿ ಬರೆಯುವವರಿಗೆ ಈ ಅನುಕೂಲವಿಲ್ಲ.

ಈ ಸಲೀಸಿನಲ್ಲೇ ಮೊದಲ ತಪ್ಪೂ ಅಡಗಿದೆ. ‘ಪುಯೆರ್ ಲಿಬ್ರುಮ್ ಲೆಗಿತ್’ ಎಂಬುದು ಪದಕ್ಕೆ ಪದ ‘ಹುಡುಗ ಪುಸ್ತಕ ಓದುತ್ತಾನೆ’. ಕರ್ತೃ, ಕರ್ಮ, ಕ್ರಿಯೆ ಎಲ್ಲ ನಮ್ಮದೇ ಸಾಲಿನಲ್ಲಿವೆ. ಆದರೆ ನಾವು ಆಡುಮಾತಿನಲ್ಲಿ ‘ಪುಸ್ತಕವನ್ನು’ ಎನ್ನುವುದಿಲ್ಲ, ‘ಅನ್ನು’ ಬಿಟ್ಟುಬಿಡುತ್ತೇವೆ. ಅದೇ ಅಭ್ಯಾಸದಿಂದ ‘ಲಿಬ್ರುಮ್’ನ ಕೊನೆಯ ‘ಮ್’ ಮೇಲೆ ಕಣ್ಣು ನಿಲ್ಲುವುದಿಲ್ಲ. ಮುಂದೆ ‘ಪುಯೆರುಮ್ ಕನಿಸ್ ವಿದೆತ್’ ಎಂದು ಬಂದಾಗ ‘ಹುಡುಗ ನಾಯಿಯನ್ನು ನೋಡುತ್ತಾನೆ’ ಎಂದು ಓದಿ ಮುಂದೆ ಹೋಗುತ್ತೇವೆ. ನಿಜವಾಗಿ ನೋಡುತ್ತಿರುವುದು ನಾಯಿ. ಮೂರನೆಯ ಅಧ್ಯಾಯದಿಂದ ಪ್ರತಿ ‘ಮ್’ ಕೆಳಗೂ ಪೆನ್ಸಿಲ್ ಗೆರೆ ಎಳೆಯಿರಿ. ಐದನೆಯದು ಮುಗಿಯುವ ಹೊತ್ತಿಗೆ ಗೆರೆಯ ಅಗತ್ಯ ಇರುವುದಿಲ್ಲ.

ಹನ್ನೊಂದನೆಯ ಅಧ್ಯಾಯದಲ್ಲಿ ಇದೇ ‘ಮ್’ ಇನ್ನೊಂದು ರೀತಿ ಕಾಡುತ್ತದೆ. ‘ಮೆದಿಕುಸ್ ಪುಯೆರುಮ್ ದೊರ್ಮೀರೆ ದೀಕಿತ್’: ಹುಡುಗ ಮಲಗಿದ್ದಾನೆ ಎಂದು ವೈದ್ಯ ಹೇಳುತ್ತಾನೆ. ನಮ್ಮ ‘ಎಂದು’ವಿಗೆ ಇಲ್ಲಿ ಪದವೇ ಇಲ್ಲ. ಒಳವಾಕ್ಯದ ಕರ್ತೃ ದ್ವಿತೀಯೆಗೆ ಹೋಗುತ್ತದೆ, ಕ್ರಿಯಾಪದ ‘ಮಲಗಲು’ ಎಂಬಂಥ ರೂಪ ತಾಳುತ್ತದೆ. ಈ ಒಂದು ಅಧ್ಯಾಯವನ್ನು ನಾಲ್ಕು ಸಲ ಓದಿದರೂ ಹೆಚ್ಚಲ್ಲ.

ಅದೇ, ಇಂಗ್ಲಿಷಿನವರು ಹೆದರುವ ಹದಿನಾರನೆಯ ಅಧ್ಯಾಯ ನಮಗೆ ಹಿತವಾಗಿದೆ. ‘ಸೋಲೆ ಒರಿಯೆಂತೆ’ ಎಂಬ ಎರಡು ಪದಕ್ಕೆ ಇಂಗ್ಲಿಷಿನಲ್ಲಿ ಪೂರ್ತಿ ಉಪವಾಕ್ಯವನ್ನೇ ಕಟ್ಟುತ್ತಾರೆ. ನಮಗೆ ‘ಸೂರ್ಯನು ಉದಿಸುತ್ತಿರಲು’ ಸಾಕು. ಸಂಸ್ಕೃತದ ಸತಿ ಸಪ್ತಮಿ ಗೊತ್ತಿದ್ದವರು ಇಲ್ಲಿ ಹಳೆಯ ಪರಿಚಿತರನ್ನು ಕಂಡಷ್ಟು ಖುಷಿಪಡುತ್ತಾರೆ. ಅದೇ ಅಧ್ಯಾಯದಲ್ಲಿ ಕರ್ಮಣಿಯ ರೂಪ, ಕರ್ತರಿಯ ಅರ್ಥ ಇರುವ ಕ್ರಿಯಾಪದಗಳೂ ಬರುತ್ತವೆ. ಅವುಗಳದ್ದೊಂದು ಪ್ರತ್ಯೇಕ ಪಟ್ಟಿ ಮಾಡಿಡಿ.

ವೇಗದ ಮಾತು. ಪ್ರತಿ ಅಧ್ಯಾಯದಲ್ಲಿ ರೋಮನ್ ಅಂಕಿ ಹಾಕಿದ ಭಾಗಗಳಿವೆ. ದಿನಕ್ಕೆ ಒಂದು ಭಾಗವನ್ನು ಗಟ್ಟಿಯಾಗಿ ಎರಡು ಸಲ ಓದಿ. ಹದಿನಾರರವರೆಗೆ ವಾರಕ್ಕೊಂದು ಅಧ್ಯಾಯ, ಆಮೇಲೆ ಎರಡು ವಾರಕ್ಕೊಂದು. ಒಟ್ಟು 54 ವಾರ. ಪ್ರತಿ ಅಧ್ಯಾಯದ ಕೊನೆಯಲ್ಲಿ ‘ಪೇನ್ಸುಮ್’ ಎಂಬ ಮೂರು ಅಭ್ಯಾಸ: ಎ-ಯಲ್ಲಿ ಪ್ರತ್ಯಯ ತುಂಬಬೇಕು, ಬಿ-ಯಲ್ಲಿ ಪದ, ಸಿ-ಯಲ್ಲಿ ಉತ್ತರ. ಚಿತ್ರ ನೋಡಿ ಕಥೆ ಅರ್ಥವಾಗುವುದರಿಂದ ಅನೇಕರು ಎ ಭಾಗವನ್ನು ಬಿಟ್ಟು ಓಡುತ್ತಾರೆ, 27ನೆಯ ಅಧ್ಯಾಯದಲ್ಲಿ ಕ್ರಿಯಾಪದದ ಸಂಭಾವನಾ ರೂಪಗಳು ಶುರುವಾದಾಗ ಕುಸಿಯುತ್ತಾರೆ. ನನ್ನ ಲೆಕ್ಕ ಸರಳ: ಎ ಭಾಗದಲ್ಲಿ ಐದಕ್ಕಿಂತ ಹೆಚ್ಚು ತಪ್ಪಿದರೆ ಮುಂದಿನ ಅಧ್ಯಾಯ ಬೇಡ, ಅದನ್ನೇ ಮತ್ತೆ ಓದಿ.

ಕೊರತೆ ಇದೆ. ಉತ್ತರಗಳು ಪುಸ್ತಕದಲ್ಲಿಲ್ಲ. ಉತ್ತಮ ಮತ್ತು ಮಧ್ಯಮ ಪುರುಷದ ಕ್ರಿಯಾರೂಪಗಳು 15ನೆಯ ಅಧ್ಯಾಯದವರೆಗೆ ಬರುವುದೇ ಇಲ್ಲ, ಇದು ತೀರ ತಡವಾಯಿತು. ಜೊತೆಗೆ ‘ಕೊಲ್ಲೊಕ್ವಿಯ ಪೆರ್ಸೋನಾರುಮ್’ ಎಂಬ ಸಂಭಾಷಣೆಗಳ ಪುಸ್ತಕ ತೆಗೆದುಕೊಳ್ಳಿ. ಮೊದಲ 24 ಅಧ್ಯಾಯಕ್ಕೆ ಒಂದೊಂದರಂತೆ ಹೊಸ ಪಾಠ ಸಿಗುತ್ತದೆ.

ಎರಡನೆಯ ಭಾಗ ‘ರೋಮ ಐತೆರ್ನ’ವನ್ನು ಮೊದಲನೆಯದು ಮುಗಿದ ಮರುದಿನವೇ ತೆರೆಯಬೇಡಿ. ಅದರ ಮೊದಲ ಅಧ್ಯಾಯವೇ ರೋಮಿನ ಕಟ್ಟಡಗಳ ಉದ್ದನೆಯ ವರ್ಣನೆ, ಪದಗಳ ರಾಶಿ. 27ರಿಂದ 35ರವರೆಗೆ ಇನ್ನೊಂದು ಸುತ್ತು ಓದಿ, ಆಮೇಲೆ 36ಕ್ಕೆ ಕೈಹಾಕಿ. ಸಸ್ಯಶಾಸ್ತ್ರದವರು ಅಷ್ಟು ದೂರ ಹೋಗಬೇಕಿಲ್ಲ. ಹೊಸ ಸಸ್ಯ ಪ್ರಭೇದಕ್ಕೆ ಲ್ಯಾಟಿನ್ ವಿವರಣೆ 2011ರ ಕೊನೆಯವರೆಗೂ ಕಡ್ಡಾಯವಾಗಿತ್ತು, ಪಶ್ಚಿಮ ಘಟ್ಟದ ಎಷ್ಟೋ ಗಿಡಗಳ ಮೂಲ ವಿವರಣೆ ಅದರಲ್ಲೇ ಇದೆ. ಆ ಬರಹದಲ್ಲಿ ಕ್ರಿಯಾಪದ ಅಪರೂಪ, ‘ಫೊಲಿಯೀಸ್ ಓವಾತೀಸ್’, ಅಂದರೆ ‘ಮೊಟ್ಟೆಯಾಕಾರದ ಎಲೆಗಳುಳ್ಳ’ ಎಂಬಂಥ ಪದಗುಚ್ಛಗಳೇ ಸಾಲಾಗಿ ಬರುತ್ತವೆ. ಮೊದಲ ಹನ್ನೆರಡು ಅಧ್ಯಾಯಗಳ ನಾಮಪದ, ವಿಶೇಷಣ ರೂಪಗಳು ಗಟ್ಟಿಯಿದ್ದರೆ ಅವುಗಳ ಕಟ್ಟು ಬಿಡಿಸಬಹುದು. ಪದಗಳಿಗೆ ಮಾತ್ರ ಸಸ್ಯಶಾಸ್ತ್ರದ ಬೇರೆ ನಿಘಂಟು ಪಕ್ಕದಲ್ಲಿರಬೇಕು.