ಕೂಲಂಟ್ ಎಲ್ಲಿ ಹೋಗ್ತಿದೆ? ಕೈಪಂಪಿನ ಪ್ರೆಶರ್ ಟೆಸ್ಟರ್, ಮೂರು ವರ್ಷ ಬಳಸಿದ ಮೇಲೆ

ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೂ ಎರಡು ವಾರಕ್ಕೊಮ್ಮೆ ಅರ್ಧ ಲೀಟರ್ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಕಮ್ಮಿ. ನನ್ನದು ಹಳೇ ಕ್ಯಾಂಪರ್ ವ್ಯಾನ್: ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಗಾಡಿಯ ಅಡಿಯಲ್ಲಿ ಉದ್ದಕ್ಕೂ ಪೈಪು. ಸಾಲದ್ದಕ್ಕೆ ಹಿಂದಿನ ಸೀಟಿನ ಕೆಳಗೆ, ಅದೇ ಬಿಸಿ ಕೂಲಂಟಿನಿಂದ ನಡೆಯುವ ಇನ್ನೊಂದು ಹೀಟರ್. ವರ್ಕ್‌ಶಾಪಿನಲ್ಲಿ ಹಿಂದಿನ ಎಂಜಿನ್ ಬಾಗಿಲೂ ಸರಿಯಾಗಿ ತೆಗೆಯದೆ "ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂದರು. ಬಿಚ್ಚಿಸುವ ಮುಂಚೆ ನಾನೇ ಒಮ್ಮೆ ನೋಡೋಣ ಅಂತ ಈ ಟೆಸ್ಟರ್ ತಗೊಂಡೆ.

ಸೆಟ್ಟಿನಲ್ಲಿ ಸೈಕಲ್ ಪಂಪಿನಂಥ ಪಂಪು, ಗೇಜು, ಬೇರೆ ಬೇರೆ ಅಳತೆಯ ಮುಚ್ಚಳಗಳು ಇವೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆದು, ಸೆಟ್ಟಿನ ಸರಿಹೊಂದುವ ಮುಚ್ಚಳ ಹಾಕಿ ಗಾಳಿ ತುಂಬಬೇಕು. ಎಲ್ಲಾದರೂ ಸೋರುತ್ತಿದ್ದರೆ ಗೇಜಿನ ಮುಳ್ಳು ಇಳಿಯುತ್ತದೆ. ಬಿಸಿ ಇದ್ದಾಗ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೇ ಹಾರುತ್ತದೆ. ಎಷ್ಟು ತುಂಬಬೇಕು ಅನ್ನೋದು ಗಾಡಿಯ ಮುಚ್ಚಳದ ಮೇಲೇ ಬರೆದಿರುತ್ತದೆ, ನನ್ನದರಲ್ಲಿ 0.9 ಬಾರ್. ಅದನ್ನು ಮೀರಬೇಡಿ. ಹಳೇ ಹೋಸು, ಹೀಟರ್ ಕೋರ್ ತಡೆಯೋದಿಲ್ಲ.

ಮೊದಲ ಸಲ ಹತ್ತೇ ನಿಮಿಷದಲ್ಲಿ ಮುಳ್ಳು 0.6ಕ್ಕೆ ಇಳಿಯಿತು. ಗಾಡಿಯ ಕೆಳಗೆಲ್ಲ ಟಾರ್ಚ್ ಹಿಡಿದು ಹುಡುಕಿದರೂ ಏನೂ ಸಿಗಲಿಲ್ಲ. ಕೊನೆಗೆ ಟೆಸ್ಟರಿನ ಕಪ್ಲರಿಗೇ, ಅಂದರೆ ಪಂಪನ್ನು ಮುಚ್ಚಳಕ್ಕೆ ಸೇರಿಸುವ ಜಾಯಿಂಟಿಗೇ, ಸೋಪಿನ ನೀರು ಹಚ್ಚಿದೆ, ಗುಳ್ಳೆ ಎದ್ದವು. ಒಳಗಿನ ರಬ್ಬರ್ ವಾಷರ್ ಸರಿ ಇರಲಿಲ್ಲ. ಈ ಟೆಸ್ಟರಿನ ದೊಡ್ಡ ದೋಷ ಇದೇ, ಮೂರು ವರ್ಷದಲ್ಲಿ ಎರಡು ವಾಷರ್ ಬದಲಾಯಿಸಿದ್ದೇನೆ. ಹೊಸದು ತಂದ ದಿನವೇ ಸೋಪು ಹಚ್ಚಿ ನೋಡಿಕೊಳ್ಳಿ.

ವಾಷರ್ ಹಾಕಿದ ಮೇಲೂ ಮುಳ್ಳು ಇಳಿಯಿತು, ಆದರೆ ನಿಧಾನವಾಗಿ. ಗೇಜಿನಲ್ಲಿ 2.5 ಬಾರ್ ತನಕ ಗೆರೆಗಳಿರುವುದರಿಂದ ಸಣ್ಣ ಇಳಿತ ಕಣ್ಣಿಗೆ ಕಾಣೋದಿಲ್ಲ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಅರ್ಧ ಗಂಟೆ ಬಿಟ್ಟೆ. ಆಮೇಲೆ ಹಿಂದಿನ ಹೀಟರಿಗೆ ಹೋಗುವ, ಬರುವ ಎರಡೂ ಹೋಸುಗಳನ್ನು ಕ್ಲ್ಯಾಂಪಿನಿಂದ ಮೆಲ್ಲಗೆ ಹಿಸುಕಿದೆ. ಮುಳ್ಳು ನಿಂತಲ್ಲೇ ನಿಂತಿತು! ಬಿಟ್ಟೆ, ಮತ್ತೆ ಇಳಿಯಿತು. ಸೀಟು ಬಿಚ್ಚಿದರೆ ಸಿಹಿ ವಾಸನೆ. ಹೋಸ್ ಕ್ಲಿಪ್ಪಿನ ಸ್ಕ್ರೂ ಸುತ್ತ ಗುಲಾಬಿ ಬಣ್ಣದ ಪುಡಿ ಕಟ್ಟಿತ್ತು. ಅದರ ತುದಿಯಲ್ಲಿ ಒಂದು ಹನಿ ತೂಗುತ್ತಾ, ದಪ್ಪವಾಗುತ್ತಾ, ಕೆಳಗಿನ ಫೆಲ್ಟಿನ ಮೇಲೆ ಬಿತ್ತು. ಇಷ್ಟು ದಿನ ಕೂಲಂಟನ್ನೆಲ್ಲ ಹೀರಿಕೊಂಡಿದ್ದು ಆ ಫೆಲ್ಟೇ. ಎಂಜಿನ್ ಕಾದಾಗ ಜಾಯಿಂಟು ಬಿಗಿಯಾಗುತ್ತಿತ್ತು, ಆರಿದಾಗ ಜಿನುಗುತ್ತಿತ್ತು. ಸ್ಕ್ರೂ ಕ್ಲಿಪ್ ತೆಗೆದು ಸ್ಪ್ರಿಂಗ್ ಕ್ಲಿಪ್ ಹಾಕಿದೆ, ಹೋಸು ಹಿಗ್ಗಿದರೂ ಕುಗ್ಗಿದರೂ ಹಿಡಿತ ಬಿಡೋದಿಲ್ಲ. ಫೆಲ್ಟನ್ನು ಎಸೆದುಬಿಟ್ಟೆ. ಕೂಲಂಟಿನಲ್ಲಿರುವ ಗ್ಲೈಕಾಲ್ ಸಿಹಿಯಾಗಿದ್ದರೂ ವಿಷ, ನಾಯಿ ಬೆಕ್ಕು ನೆಕ್ಕಿದರೆ ಉಳಿಯೋದು ಕಷ್ಟ.

ಮರುವರ್ಷ ಮತ್ತೆ ಕೂಲಂಟ್ ಇಳಿಯಿತು, ಅದೂ ಏರುದಾರಿ ಹತ್ತಿದ ದಿನ ಮಾತ್ರ. ಈ ಸಲ ಮುಳ್ಳು ಅಲುಗಲೇ ಇಲ್ಲ. ಸೆಟ್ಟಿನಲ್ಲಿರುವ ಇನ್ನೊಂದು ತುಂಡಿಗೆ ಗಾಡಿಯ ಮುಚ್ಚಳ ಸಿಕ್ಕಿಸಿ ಪಂಪು ಒತ್ತಿದರೆ 0.5 ಬಾರ್‌ಗೇ ಗಾಳಿ ಬಿಟ್ಟುಬಿಟ್ಟಿತು. ಬರೀ ನೀರೇ ಇದ್ದರೂ 0.9 ಬಾರ್ ಒತ್ತಡದಲ್ಲಿ ಕುದಿಯೋದು ಸುಮಾರು 118 ಡಿಗ್ರಿಗೆ, 0.5 ಆದರೆ 111ಕ್ಕೇ. ಏರುದಾರಿಯಲ್ಲಿ ಎಂಜಿನ್ ಕಾದಾಗ ಕೂಲಂಟ್ ಆ ಮುಚ್ಚಳದಿಂದಲೇ ಆಚೆ ಹೋಗುತ್ತಿತ್ತು. ಹೊಸ ಮುಚ್ಚಳ ಹಾಕಿದೆ, ಅಲ್ಲಿಗೆ ಮುಗಿಯಿತು. ಹೋಸು ಹೋಸು ತಡಕುವವರು ಮೊದಲು ಮುಚ್ಚಳ ಪರೀಕ್ಷಿಸಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಇದೊಂದನ್ನೇ ನಂಬಬೇಡಿ. ಟ್ಯಾಂಕಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವ ಪರೀಕ್ಷೆ ಬೇರೆ ಇದೆ. ಹೊಗೆ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನನ್ನದು ನೀಲಿಯಾಗೇ ಉಳಿಯಿತು.

ಪೆಟ್ಟಿಗೆಯ ಕೊಂಡಿ ಮುರಿದಿದೆ, ಗೇಜು ಇನ್ನೂ ಸರಿಯಾಗಿದೆ. ಐದಕ್ಕೆ ನಾಲ್ಕು, ಕಳೆದ ಒಂದು ಆ ಕಪ್ಲರಿಗಾಗಿ. ವ್ಯಾನಿನ ಹೆಡ್ ಗ್ಯಾಸ್ಕೆಟ್ ಇವತ್ತಿಗೂ ಹಳೆಯದೇ.