ಎಕರೆ ಲೆಕ್ಕದ ಬೇಲಿ ಪ್ಯಾಕೇಜ್: ಕಂಬ, ತಂತಿ, ಸಿಮೆಂಟಿನ ಅಸಲಿ ಲೆಕ್ಕ

‘ಎಕರೆಗೆ ಇಷ್ಟು, ಕಂಬ ತಂತಿ ಕೂಲಿ ಎಲ್ಲ ಸೇರಿ’ ಎನ್ನುವ ಪ್ಯಾಕೇಜ್ ಕೇಳಲು ಸಲೀಸು. ಆದರೆ ಬೇಲಿ ಓಡುವುದು ಸುತ್ತಳತೆಯ ಮೇಲೆ. ಚೌಕಾಕಾರದ ಒಂದು ಎಕರೆಯ ಸುತ್ತಳತೆ 835 ಅಡಿ. ಅದೇ ಎಕರೆ 100 ಅಡಿ ಅಗಲದ ಉದ್ದನೆಯ ಪಟ್ಟಿಯಾದರೆ 1,071 ಅಡಿ. ಈ ವ್ಯತ್ಯಾಸವನ್ನು ಗುತ್ತಿಗೆದಾರ ತನ್ನ ಕೈಯಿಂದ ಕೊಡುವುದಿಲ್ಲ, ಕಂಬಗಳ ನಡುವಿನ ಅಂತರ ಹಿಗ್ಗಿಸಿ ಸರಿಮಾಡಿಕೊಳ್ಳುತ್ತಾನೆ. ಟೇಪು ಹಿಡಿದು ಅಳೆದೇ ಮಾತಿಗೆ ಕೂರಿ.

ಚೌಕದ ಎಕರೆಗೆ 10 ಅಡಿಗೊಂದರಂತೆ 84 ಕಂಬ. ನಾಲ್ಕು ಮೂಲೆಗೆ ಎರಡೆರಡು, ಪ್ರತಿ ಬದಿಯ ನಡುಗಂಬಕ್ಕೆ ಎರಡೆರಡು, ಗೇಟಿನ ಎರಡು ಕಂಬಕ್ಕೆ ಒಂದೊಂದು ಸಪೋರ್ಟ್ ಕಂಬ (ವಾಲದಂತೆ ಓರೆಯಾಗಿ ಆನಿಸುವ ಕಂಬ) ಎಂದರೆ ಮತ್ತೆ 18. ಒಡೆಯುವುದಕ್ಕೆಂದು ನಾಲ್ಕು ಸೇರಿಸಿ 106 ತರಿಸಿ. ಪ್ಯಾಕೇಜಿನಲ್ಲಿ ಮೊದಲು ಕತ್ತರಿ ಬೀಳುವುದೇ ಸಪೋರ್ಟಿಗೆ. ತಂತಿ ಜಗ್ಗಿದಾಗ ಇಡೀ ಸಾಲಿನ ಎಳೆತ ಬೀಳುವುದು ಮೂಲೆಗಂಬದ ಮೇಲೆ. ಅದು ಎರಡು ಇಂಚು ವಾಲಿದರೂ ಬೇಲಿಯ ಐದೂ ಎಳೆ ತಂತಿ ಜೋಲುತ್ತವೆ.

ಸಿಮೆಂಟ್ ಕಂಬವೋ ಕಲ್ಲುಕಂಬವೋ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲುಕೂಚ ಹತ್ತಿರದಲ್ಲೇ ಸಿಗುವುದರಿಂದ ಅಲ್ಲಿ ಕಲ್ಲಿಗೇ ನಮ್ಮ ಮತ. ತುಕ್ಕಿನ ಚಿಂತೆಯಿಲ್ಲ. ಆದರೆ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಸೀಳಿದ್ದರೆ ದೊಬ್ ಎನ್ನುತ್ತದೆ. ಕಲ್ಲಿಗೆ ತೂತಿಲ್ಲದ ಕಾರಣ ಕಟ್ಟುತಂತಿ ಕೆಳಗೆ ಜಾರುತ್ತದೆ. ಎಳೆ ಬರುವ ಕಡೆ ಉಳಿಯಿಂದ ಸಣ್ಣ ಕಚ್ಚು ಹೊಡೆಸಿಕೊಳ್ಳಿ.

ಸಿಮೆಂಟಿನದ್ದಾದರೆ ತುದಿ ನೋಡಿ: ನಾಲ್ಕು ಸರಳು ನಾಲ್ಕು ಮೂಲೆಯಲ್ಲಿ, ಹೊರಮೈಯಿಂದ ಮುಕ್ಕಾಲು ಇಂಚಾದರೂ ಒಳಗಿರಬೇಕು. ಮೈಗೆ ಅಂಟಿಕೊಂಡ ಸರಳು ತುಕ್ಕು ಹಿಡಿದು ಉಬ್ಬಿ, ಕಂಬವನ್ನು ಉದ್ದಕ್ಕೆ ಸೀಳುತ್ತದೆ. ಎರಕ ಹೊಯ್ದು ಎರಡು ವಾರ ನೀರುಣಿಸದ ಕಂಬ ಲಾರಿಯಿಂದ ಇಳಿಸುವಾಗಲೇ ಕೈಕೊಡುತ್ತದೆ. 4 ಇಂಚು ಚೌಕದ, 7 ಅಡಿಯ ಕಂಬ ಸುಮಾರು 54 ಕಿಲೋ. ಮುಕ್ಕಾಲು ಟನ್ ಹೊರುವ ಚಿಕ್ಕ ಗಾಡಿಗೆ ಒಂದು ಸಲಕ್ಕೆ ಹದಿಮೂರೇ. ಸಾಗಣೆ ಬಾಡಿಗೆ ಕೇಳದೆ ಕಂಬದ ದರವನ್ನಷ್ಟೇ ಹೋಲಿಸಿದರೆ ಮೋಸಹೋದಂತೆಯೇ.

ತಂತಿಯಲ್ಲಿ ಆಟ ಜಾಸ್ತಿ. 12 ಅಡಿಯ ಗೇಟು ಕಳೆದು ಐದು ಎಳೆಗೆ 1,254 ಮೀಟರ್. ಸುತ್ತು, ಗಂಟಿಗೆ ನೂರಕ್ಕೆ ಐದು, ಮೂಲೆಗಳಲ್ಲಿ ಕತ್ತರಿಯಾಕಾರಕ್ಕೆ ಓರೆಯಾಗಿ ಕಟ್ಟುವ ಎಳೆಗೆ 54 ಮೀಟರ್ ಸೇರಿ ಹತ್ತಿರ ಹತ್ತಿರ 1,370. ತಂತಿಯ ದಪ್ಪ ಹೇಳುವುದು ಗೇಜಿನಲ್ಲಿ, ಅಂಕಿ ಹೆಚ್ಚಿದಷ್ಟೂ ತಂತಿ ತೆಳು. ಮೂರು ಇಂಚಿಗೊಂದು ಮುಳ್ಳಿರುವ 12 ಗೇಜ್ ತಂತಿ ಕಿಲೋಗೆ 7 ಮೀಟರ್ ಆಸುಪಾಸು ಬರುತ್ತದೆ, ಅಂದರೆ 200 ಕಿಲೋ ಬೇಕು. 14 ಗೇಜಿನದ್ದು ಕಿಲೋಗೆ 11 ಮೀಟರ್ ಬರುವುದರಿಂದ 125 ಕಿಲೋದಲ್ಲಿ ಮುಗಿಯುತ್ತದೆ. ಪ್ಯಾಕೇಜಿನವರು ‘ಗೇಜ್ ಒಂದೇ ಸಾರ್’ ಎನ್ನುವುದು ಈ 75 ಕಿಲೋಗಾಗಿ. ಒಂದು ಮೀಟರ್ ಕತ್ತರಿಸಿ ತೂಗಿ: 140 ಗ್ರಾಂ ಹತ್ತಿರವಿದ್ದರೆ 12, 90ರ ಆಸುಪಾಸಿದ್ದರೆ 14. ಸುರುಳಿಯ ಚೀಟಿಯಲ್ಲಿ ಮುಳ್ಳುತಂತಿಯ ಭಾರತೀಯ ಮಾನಕ ಸಂಖ್ಯೆ ಐಎಸ್ 278 ಇದೆಯೇ ನೋಡಿ. ಎಳೆಗಳನ್ನು ನೆಲದಿಂದ 6, 16, 28, 42, 57 ಇಂಚಿಗೆ ಕಟ್ಟಿಸಿ. ದನ, ಮೇಕೆಗೆ ಇದು ಸಾಕು. ಹಂದಿ ಕಾಟವಿದ್ದರೆ ಮುಳ್ಳುತಂತಿಗೆ ಹಣ ಸುರಿಯಬೇಡಿ, ಚೈನ್‌ಲಿಂಕ್ ಜಾಲರಿ ನೋಡಿ.

ಕಾಂಕ್ರೀಟ್ ಎಲ್ಲ ಗುಂಡಿಗೂ ಬೇಡ. ಮೂಲೆ, ನಡುಗಂಬ, ಗೇಟು ಸೇರಿ ಹತ್ತಕ್ಕೆ 8 ಅಡಿಯ ಕಂಬ ತಂದು, ಒಂದೂವರೆ ಅಡಿ ಚೌಕ, 3 ಅಡಿ ಆಳದ ಗುಂಡಿಗೆ ತುಂಬಿ. ಸಪೋರ್ಟ್ ಬುಡಕ್ಕೆ ಒಂದೊಂದು ಘನ ಅಡಿ. ಗುಂಡಿಯೊಳಗಿನ ಕಂಬದ ಗಾತ್ರ ಕಳೆದು ಒಟ್ಟು 82 ಘನ ಅಡಿ. ಸಿಮೆಂಟ್, ಮರಳು, ಜಲ್ಲಿ 1:3:6ರ ಮಿಶ್ರಣದಲ್ಲಿ ಒಂದು ಮೂಟೆಗೆ 8 ಘನ ಅಡಿ ಸಿಗುತ್ತದೆ. 11 ಮೂಟೆ ಸಿಮೆಂಟ್, 41 ಘನ ಅಡಿ ಎಂ-ಸ್ಯಾಂಡ್, 82 ಘನ ಅಡಿ 20 ಎಂಎಂ ಜಲ್ಲಿ. ಮಿಕ್ಕ 74 ಕಂಬಕ್ಕೂ ಒಂದಡಿ ಚೌಕ, ಎರಡಡಿ ಆಳದ ಗುಂಡಿಗೆ ಕಾಂಕ್ರೀಟೇ ಬೇಕೆಂದರೆ, ಕಂಬದ ಗಾತ್ರ ಕಳೆದೂ ಇನ್ನೂ 17 ಮೂಟೆ. ಕೆಂಪು ಮಣ್ಣಿನಲ್ಲಿ ಅದು ದಂಡ: ಎರಡಡಿ ಇಳಿಸಿ, ಅರ್ಧರ್ಧ ಅಡಿಗೆ ಕಲ್ಲುಚೂರು, ಮಣ್ಣು ಹಾಕಿ ಹಾರೆಯ ಹಿಂಬದಿಯಿಂದ ಕುಟ್ಟಿದರೆ ಅಲುಗುವುದಿಲ್ಲ. ಒಮ್ಮೆಲೇ ಮಣ್ಣು ತುಂಬಿ ಮೇಲೆ ಮಾತ್ರ ಕುಟ್ಟಿದರೆ ಮೊದಲ ಮಳೆಗೇ ಸಡಿಲ. ಎರೆ ಭೂಮಿಯ ಮಾತು ಬೇರೆ. ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ಆ ಮಣ್ಣು ಕಂಬವನ್ನು ವರ್ಷವರ್ಷವೂ ತಳ್ಳುತ್ತದೆ. ಅಲ್ಲಿ ಎಲ್ಲ ಕಂಬವೂ ಎಂಟಡಿಯದ್ದೇ ಇರಲಿ, ಮೂರಡಿ ತೋಡಿ, ತೆಗೆದ ಎರೆಮಣ್ಣನ್ನು ಆಚೆ ಎಸೆದು ಗರಸು ತುಂಬಿ ಕುಟ್ಟಿ.

ಕಾಂಕ್ರೀಟ್ ಹಾಕಿ ಏಳು ದಿನವಾದರೂ ಆಗದೆ ತಂತಿ ಎಳೆಯಲು ಬಿಡಬೇಡಿ. ಗುತ್ತಿಗೆಯವರು ಮೂರನೇ ದಿನಕ್ಕೇ ಬಂದು ನಿಲ್ಲುತ್ತಾರೆ. ಕೊನೆಯ ಕಂತನ್ನು ತಂತಿ ಜಗ್ಗಿದ ಮೇಲೇ ಕೊಡುವುದೆಂದು ಮೊದಲೇ ಬರೆಸಿಕೊಂಡಿರಿ.